ಆರು ಪೆನ್ನಿಯ ನಾಯಿ

ಪ್ರಿಯ ಗಿರೀಶ,

ಹಳೇ ಐರಿಷ್ ನಾಣ್ಯಗಳ ಫೋಟೋ ಕಳಿಸಿ, "ಇದೇನೋ ಇದು, ಮೃಗಾಲಯದ ಬಿಲ್ಲೆನಾ?" ಅಂತ ಕೇಳಿದ್ದೀಯಲ್ಲ. ಅಂಥವು ನಿನ್ನ ಹತ್ರ ಇರೋದು ನೋಡಿ ಹೊಟ್ಟೆ ಉರೀತು ಮಾರಾಯ.

1922ರಲ್ಲಿ ಐರ್ಲೆಂಡಿಗೆ ಸ್ವಂತ ಸರ್ಕಾರ ಬಂತು. ನಾಣ್ಯದ ಮೇಲೆ ಇಂಗ್ಲೆಂಡ್ ರಾಜನ ಮುಖ ಬೇಡ, ಸರಿ, ಮತ್ತೇನು ಹಾಕೋದು? ಅದಕ್ಕೊಂದು ಸಮಿತಿ ಆಯಿತು. ಕವಿ ಯೇಟ್ಸ್ ಅಧ್ಯಕ್ಷ. 1928ರಲ್ಲಿ ಎಂಟು ನಾಣ್ಯ ಹೊರಬಂದವು. ಒಂದು ಕಡೆ ಹಾರ್ಪ್ ವಾದ್ಯ. ಇನ್ನೊಂದು ಕಡೆ ಕುದುರೆ, ಸಾಲ್ಮನ್ ಮೀನು, ಗೂಳಿ, ಬೇಟೆನಾಯಿ, ಮೊಲ, ಮರಿ ಸಮೇತ ಕೋಳಿ, ಮರಿ ಸಮೇತ ಹಂದಿ, ವುಡ್‌ಕಾಕ್ ಹಕ್ಕಿ. ದೇವರಿಲ್ಲ, ಸಂತರಿಲ್ಲ ಅಂತ ಕೆಲವರು ಸಿಡಿಮಿಡಿಗೊಂಡರು. ಗೂಳಿ, ಹಂದಿಗಳ ಮೈಕಟ್ಟನ್ನು ಕೃಷಿ ಇಲಾಖೆಯವರು ಹೇಳಿ ತಿದ್ದಿಸಿದರು. ಇಷ್ಟೆಲ್ಲಾ ಆಗಿ, ವಿನ್ಯಾಸ ಮಾಡಿದ ಪರ್ಸಿ ಮೆಟ್‌ಕಾಫ್ ಇಂಗ್ಲೆಂಡಿನವನು!

ಶಿಲ್ಲಿಂಗ್ ನಾಣ್ಯದ ಗೂಳಿ ನೋಡಿದರೆ ಅಲ್ಲಿನವರಿಗೆ ಹಳೇ ಐರಿಷ್ ಪುರಾಣದ, ಕೂಲಿ ಅನ್ನೋ ಸೀಮೆಯ ಕಂದು ಗೂಳಿ ನೆನಪಾಗದೆ ಇರದು. ರಾಣಿ ಮೇವ್ ಮತ್ತು ಗಂಡ ಅಲಿಲ್ ಹಾಸಿಗೆಯಲ್ಲಿ ಮಲಗಿ ಯಾರ ಆಸ್ತಿ ಜಾಸ್ತಿ ಅಂತ ವಾದಕ್ಕಿಳಿದರು. ಎಲ್ಲಾ ಸಮ. ಗಂಡನ ಹತ್ರ ಒಂದು ಬಿಳಿಕೊಂಬಿನ ಗೂಳಿ ಮಾತ್ರ ಹೆಚ್ಚು. ಅದಕ್ಕೆ ಸರಿಸಾಟಿಯಾದ ಆ ಕಂದು ಗೂಳಿ ತರೋಕೆ ಅವಳು ಉತ್ತರದ ಅಲ್‌ಸ್ಟರ್ ಸೀಮೆಯ ಮೇಲೆ ದಂಡೆತ್ತಿ ಹೋದಳು. ಲೆಕ್ಕವಿಲ್ಲದಷ್ಟು ಜನ ಸತ್ತರು. ಕೊನೆಗೆ ಗೂಳಿಗಳೂ ಕಾದಾಡಿ ಸತ್ತವು.

ಆ ದಂಡಿಗೆ ಒಬ್ಬನೇ ಎದುರು ನಿಂತವನು ಕೂಹುಲ್ಲಿನ್. ಹುಟ್ಟುಹೆಸರು ಸೆಟಾಂಟಾ. ಹುಡುಗನಾಗಿದ್ದಾಗ ಕಮ್ಮಾರ ಕುಲಾನ್ ಮನೆಯ ಔತಣಕ್ಕೆ ತಡವಾಗಿ ಹೋದ. ಬಾಗಿಲಲ್ಲಿ ಕಾವಲುನಾಯಿ ಮೇಲೆರಗಿತು. ಕೈಯಲ್ಲಿದ್ದ ಆಟದ ಚೆಂಡನ್ನೇ ಅದರ ಗಂಟಲಿಗೆ ಹೊಡೆದು ಕೊಂದ. ಕುಲಾನ್ ಅಳೋದು ನೋಡಿ, ಮರಿಯೊಂದು ಬೆಳೆದು ದೊಡ್ಡದಾಗೋ ತನಕ ನಾನೇ ನಿನ್ನ ನಾಯಿ ಅಂದ. ಕೂಹುಲ್ಲಿನ್ ಅಂದ್ರೆ ಕುಲಾನನ ನಾಯಿ, ಅದೇ ಅವನ ಹೆಸರಾಯಿತು. ಮುಂದೆ ಅವನಿಗೆ ನಾಯಿ ಮಾಂಸ ನಿಷಿದ್ಧ. ಮೂವರು ಮುದುಕಿಯರು ದಾರಿಯಲ್ಲಿ ಅದನ್ನೇ ಬೇಯಿಸಿ ಕರೆದರು. ಬಡವರ ಊಟ ಅಂತ ತಾತ್ಸಾರ ಅಲ್ವಾ ಅಂತ ಚುಚ್ಚಿದರು. ತಿಂದ, ಮುಟ್ಟಿದ ಕೈಯ ಶಕ್ತಿ ಹೋಯಿತು. ನಿಂತೇ ಸಾಯಬೇಕು ಅಂತ ಕಲ್ಲುಕಂಬಕ್ಕೆ ತನ್ನನ್ನು ಕಟ್ಟಿಕೊಂಡ. ಹೆಗಲ ಮೇಲೆ ಕಾಗೆ ಬಂದು ಕೂರೋವರೆಗೂ ಶತ್ರುಗಳು ಹತ್ತಿರ ಸುಳಿಯಲಿಲ್ಲ. ಡಬ್ಲಿನ್‌ನ ದೊಡ್ಡ ಅಂಚೆ ಕಚೇರಿಯಲ್ಲಿರುವ ಕಂಚಿನ ವಿಗ್ರಹ ಇದೇ ಗಳಿಗೆಯದು.

ಆರು ಪೆನ್ನಿಯ ನಾಯಿ ಮಾತ್ರ ತೋಳದ ಬೇಟೆಯದು. ಉದ್ದ ಕಾಲು, ಒಳಗೆ ಸೇರಿದ ಹೊಟ್ಟೆ. ತೋಳ ಎಲ್ಲಿ ಅಂತೀಯಾ? ಅದನ್ನು ದುಡ್ಡು ಕೊಟ್ಟು ಕೊಲ್ಲಿಸಿದರು. ಐರ್ಲೆಂಡಿನ ಮೇಲೆ ದಂಡೆತ್ತಿ ಬಂದಿದ್ದ ಇಂಗ್ಲೆಂಡಿನ ಕ್ರಾಮ್‌ವೆಲ್ ಕಡೆಯವರು, ತೋಳ ಬೇಟೆಗೆ ಬೇಕಲ್ಲ ಅಂತ, 1652ರಲ್ಲಿ ಈ ನಾಯಿಗಳನ್ನು ಹೊರದೇಶಕ್ಕೆ ಸಾಗಿಸೋದನ್ನು ನಿಲ್ಲಿಸಿದರು. 1653ರಲ್ಲಿ ಹೆಣ್ಣು ತೋಳದ ತಲೆಗೆ 6 ಪೌಂಡ್, ಗಂಡಿಗೆ 5, ಹಾಲು ಕುಡಿಯೋ ಮರಿಗೂ 10 ಶಿಲ್ಲಿಂಗ್ ಬೆಲೆ ಕಟ್ಟಿದರು. ಕೊನೆಯದನ್ನು 1786ರಲ್ಲಿ ಕಾರ್ಲೋ ಕಡೆ ಕೊಂದರು ಅಂತಾರೆ. ತೋಳ ಹೋದ ಮೇಲೆ ನಾಯಿಗೇನು ಕೆಲಸ? ಅದೂ ಅಳಿವಿನ ಅಂಚಿಗೆ ಬಂತು. 1860ರ ದಶಕದಲ್ಲಿ ಕ್ಯಾಪ್ಟನ್ ಗ್ರಹಾಂ ಅನ್ನೋನು ಉಳಿದಿದ್ದ ನಾಯಿಗಳಿಗೆ ಸ್ಕಾಟಿಷ್ ಡೀರ್‌ಹೌಂಡ್, ಗ್ರೇಟ್ ಡೇನ್ ಎಲ್ಲಾ ಬೆರೆಸಿ ತಳಿ ಎಬ್ಬಿಸಿದ. ಅಂದ್ರೆ ನಾಣ್ಯದ ಮೇಲಿನ ಈ ಪುರಾತನ ಐರಿಷ್ ನಾಯಿ ಅರ್ಧಕ್ಕರ್ಧ ಹೊಸದು. ನನಗೆ ಅದೇ ಮಜಾ.

ನನ್ನ ಮೆಚ್ಚಿನದು ಮೂರು ಪೆನ್ನಿಯ ಮೊಲ. ಪಾಪದ ಪ್ರಾಣಿ ಅನ್ನಿಸುತ್ತೆ, ಆದರೆ ಹಳ್ಳಿಗರಿಗೆ ಅದರ ಮೇಲೆ ಭಾರೀ ಅನುಮಾನ. ಮಾಟದ ಮುದುಕಿಯರು ಮೊಲವಾಗಿ ಬಂದು ಹಸುವಿನ ಹಾಲು ಹೀರುತ್ತಾರೆ ಅಂತ 12ನೇ ಶತಮಾನದಲ್ಲೇ ವೇಲ್ಸ್‌ನ ಪಾದ್ರಿ ಜೆರಾಲ್ಡ್ ಬರೆದಿಟ್ಟಿದ್ದಾನೆ. ಕಥೆಗಳಲ್ಲಿ ನಾಯಿ ಮೊಲದ ಕಾಲು ಕಚ್ಚುತ್ತೆ, ಅದು ಕುಂಟುತ್ತಾ ಗುಡಿಸಲು ಹೊಕ್ಕುತ್ತೆ. ಬೇಟೆಗಾರ ಒಳಗೆ ಹೋದರೆ, ಕಾಲಲ್ಲಿ ರಕ್ತ ಸುರಿಸ್ತಾ ಅಜ್ಜಿ ಕೂತಿರ್ತಾಳೆ. ಮೇ 1ರಂದು ಇನ್ನೂ ಜಾಸ್ತಿ ಭಯ. ಅವತ್ತು ನೆರೆಯವರಿಗೆ ಹಾಲು, ಬೆಣ್ಣೆ, ಒಲೆಯ ಕೆಂಡ ಏನೂ ಕೊಡುತ್ತಿರಲಿಲ್ಲ. ಕೇಳೋಕೆ ಬಂದವಳ ಮೇಲೇ ಗುಮಾನಿ!

ಸಾಲ್ಮನ್ ಕಥೆ ಉದ್ದ ಇದೆ, ಫೋನ್ ಮಾಡಿದಾಗ ಹೇಳ್ತೀನಿ.

ಇಂತಿ ನಿನ್ನ,
ಮಂಜು