ಅಣ್ಣನ ಒಂದು ವರ್ಷಕ್ಕೆ ಹೆಗಲು ಕೊಟ್ಟವರಿಗೆ

ನಮ್ಮ ಅಣ್ಣ ಕುಡಿತ ಬಿಟ್ಟು ಮೊನ್ನೆಗೆ ಒಂದು ವರ್ಷ ತುಂಬಿತು. ಮಲ್ಪೆ ಬಂದರಿನಿಂದ ಆಳಸಮುದ್ರಕ್ಕೆ ಹೋಗುವ ಬೋಟಿನಲ್ಲಿ ಅವನು ತಾಂಡೇಲ, ಅಂದರೆ ಬೋಟ್ ನಡೆಸುವವನು. ಇಡೀ ಒಂದು ಮೀನುಗಾರಿಕೆ ಋತುವನ್ನು ಹನಿ ಮದ್ಯ ಮುಟ್ಟದೆ ದಾಟಿದ್ದಾನೆ. ಅವನ ಮತ್ತು ಅತ್ತಿಗೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಉಪಕಾರ ನೆನೆಯಬೇಕಾದವರು ಬಹಳ ಮಂದಿ ಇದ್ದಾರೆ. ಎಲ್ಲರಿಗೂ ಒಟ್ಟಾಗಿ ಕೈಮುಗಿದು ಸುಮ್ಮನಾದರೆ ಯಾರು ಏನು ಮಾಡಿದರು, ಅದು ಹೇಗೆ ಫಲಿಸಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಅದನ್ನು ಬಿಡಿಸಿ ಹೇಳದೆ ಸಮಾಧಾನವಿಲ್ಲ.

ಮೊದಲ ನಮಸ್ಕಾರ ನಮ್ಮ ಮನೆದೈವದ ಪಾತ್ರಿಯವರಿಗೆ, ಅಂದರೆ ದೈವ ಮೈಮೇಲೆ ಬಂದು ನುಡಿ ಕೊಡುವವರಿಗೆ. ಕಳೆದ ವರ್ಷ ಜೂನ್ ಒಂದರಿಂದ ಜುಲೈ ಕೊನೆಯವರೆಗಿನ ಮೀನುಗಾರಿಕೆ ನಿಷೇಧ ಮುಗಿಯುತ್ತ ಬಂದಾಗ ಅಣ್ಣ ದೈವದ ಮುಂದೆ ನಿಂತು, ಇನ್ನು ಕುಡಿಯುವುದಿಲ್ಲ ಎಂದು ಹರಕೆ ಹೇಳಿಕೊಂಡ. ಅಂದೇ ನಿಲ್ಲಿಸಿಯೂ ಬಿಟ್ಟ. ಮರುದಿನ ಕೈ ನಡುಗಲು ಶುರುವಾಯಿತು, ಮೈಯೆಲ್ಲ ಬೆವರು. ಅದರ ಮರುದಿನ ಬೆಳಗಾಗುವ ಮೊದಲೇ ಬಚ್ಚಲಿನ ಬಾಗಿಲಲ್ಲಿ ಫಿಟ್ಸ್ ಬಂದು ಬಿದ್ದ. ನೆಂಟರೊಬ್ಬರು ದೈವದ ಮುನಿಸು ಎಂದರು. ಸುದ್ದಿ ಕೇಳಿದ ಪಾತ್ರಿಯವರು ಮನೆಗೇ ಬಂದು ಅಮ್ಮನಿಗೆ ಹೇಳಿದರು: “ಮದ್ದಿನ ಜೊತೆಗೆ ದೈವ ಉಂಟು. ಹರಕೆಯ ಚಿಂತೆ ಬೇಡ, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ.” ಬೇರೆ ಯಾರು ಹೇಳಿದ್ದರೂ ಅಮ್ಮ ಅಷ್ಟು ಬೇಗ ಏಳುತ್ತಿರಲಿಲ್ಲ. ಅಣ್ಣನ ಜೀವ ಉಳಿದದ್ದರಲ್ಲಿ ಆ ಮಾತಿನ ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ.

ಏಕೆಂದರೆ ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಗೇ ನಿಲ್ಲಿಸುವುದು ಅಪಾಯ. ಮಿದುಳಿನಲ್ಲಿ ನರಕೋಶಗಳನ್ನು ತಣಿಸುವ ಗಾಬಾ ಎಂಬ ರಾಸಾಯನಿಕವಿದೆ, ಕೆರಳಿಸುವ ಗ್ಲುಟಮೇಟ್ ಎಂಬುದೂ ಇದೆ. ಮದ್ಯವು ಗಾಬಾದ ಪ್ರಭಾವವನ್ನು ಹೆಚ್ಚಿಸುತ್ತದೆ, ಗ್ಲುಟಮೇಟಿನದನ್ನು ಅದುಮುತ್ತದೆ. ಇದು ನಿತ್ಯವೂ ನಡೆದಾಗ ಮಿದುಳು ತನ್ನ ಸಮತೋಲ ಕಾಯ್ದುಕೊಳ್ಳಲು ತಣಿಸುವ ಗ್ರಾಹಕಗಳನ್ನು (ರಾಸಾಯನಿಕ ಬಂದು ತಗುಲುವ, ಕೋಶದ ಮೇಲಿನ ತಾಣಗಳನ್ನು) ಮಂದಗೊಳಿಸಿ, ಕೆರಳಿಸುವ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಆಗ ಮದ್ಯ ದಿಢೀರನೆ ನಿಂತರೆ ಕೆರಳುವಿಕೆಯನ್ನು ತಡೆಯುವುದು ಏನೂ ಉಳಿದಿರುವುದಿಲ್ಲ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ 6ರಿಂದ 48 ಗಂಟೆಗಳ ಒಳಗೆ. ಎರಡು, ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಭ್ರಮೆಯ ಸ್ಥಿತಿ ಬರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಅದರಲ್ಲಿ ಪ್ರಾಣವೇ ಹೋಗಬಹುದು.

ಅಣ್ಣನಿಗೆ ಅದೂ ಬಂತು. ಆಸ್ಪತ್ರೆಯ ಮೂರನೆಯ ಮಹಡಿಯ ವಾರ್ಡಿನಲ್ಲಿ ಅವನು ಎದ್ದು ಕುಳಿತು, ಹೊದಿಕೆಯ ಅಂಚನ್ನು ಎಡಗೈ ಬೆರಳುಗಳಲ್ಲಿ ಹಿಗ್ಗಿಸಿ ಹಿಡಿದು, ಬಲಗೈಯಲ್ಲಿ ಇಲ್ಲದ ನೂಲನ್ನು ತೂರಿಸಿ ಎಳೆದು ಗಂಟು ಹಾಕುತ್ತಿದ್ದ. ಹರಿದ ಬಲೆ ಸರಿಮಾಡುತ್ತಿದ್ದ. ಒಂದು ಕಣ್ಣು ಮುಗಿಸಿ ಮುಂದಿನ ಕಣ್ಣಿಗೆ ಹೋಗುತ್ತಿದ್ದ. ನಡುವೆ ನನ್ನತ್ತ ತಿರುಗಿ, ಹಗ್ಗ ಸಡಿಲ ಬಿಡು ಎಂದು ಗದರುತ್ತಿದ್ದ. ರಾತ್ರಿ ಪಾಳಿಯ ನರ್ಸ್ ಅವನ ಕೈಯನ್ನು ಒಮ್ಮೆಯೂ ಹಿಡಿದು ಕೆಳಗೆ ಒತ್ತಲಿಲ್ಲ, ದೀಪ ಆರಿಸಲಿಲ್ಲ. ಪ್ರತಿ ಸಲ ಬಂದಾಗಲೂ ಅದೇ ಸ್ವರದಲ್ಲಿ, “ಅಣ್ಣಾ, ಇದು ಆಸ್ಪತ್ರೆ. ಈಗ ರಾತ್ರಿ ಎರಡು ಗಂಟೆ. ನಿಮ್ಮ ತಂಗಿ ಇಲ್ಲೇ ಇದ್ದಾರೆ” ಎಂದು ಹೇಳಿ, ನೀರು ಕುಡಿಸಿ, ನಾಡಿ ನೋಡಿ ಹೋಗುತ್ತಿದ್ದರು. ಗಂಟೆ ಮಾತ್ರ ಬದಲಾಗುತ್ತಿತ್ತು, ಸ್ವರ ಬದಲಾಗಲಿಲ್ಲ. ಗ್ಲೂಕೋಸ್ ಏರಿಸುವ ಮೊದಲು ಬಿ1 ಜೀವಸತ್ವದ ಇಂಜೆಕ್ಷನ್ ಕೊಟ್ಟಾಯಿತೇ ಎಂದು ಅವರು ಎರಡೆರಡು ಸಲ ನೋಡಿಕೊಂಡದ್ದು ನೆನಪಿದೆ. ಬಹಳ ಕುಡಿಯುವವರಲ್ಲಿ ಆ ಜೀವಸತ್ವ ಬತ್ತಿರುತ್ತದೆ. ಅದಿಲ್ಲದೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಆ ನರ್ಸ್‌ಗೆ ನಾನು ಏನು ಕೊಟ್ಟರೂ ಸಾಲದು.

ಅಣ್ಣನಿಗೆ ಪ್ರಜ್ಞೆ ತಿಳಿಯಾದ ಮೇಲೆ ಮನೋವೈದ್ಯರು ಅವನ ಮಂಚದ ಪಕ್ಕ ಕುಳಿತು, ಔಷಧದ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಸಾಮಾನ್ಯವಾಗಿ ಅವು ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ 20ರಿಂದ 40 ನ್ಯಾನೋಮೀಟರಿನ ಸಂದು. ಅಂದರೆ ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವು ಪಾಲು. ಒಂದು ಕೋಶದ ಒಳಗೆ ಸಂದೇಶ ವಿದ್ಯುತ್ತಾಗಿ ಓಡುತ್ತದೆ, ಸಂದಿನ ಬಳಿ ನಿಲ್ಲುತ್ತದೆ. ಅಲ್ಲಿಂದ ರಾಸಾಯನಿಕವೊಂದು ಹೊರಟು ಆಚೆ ದಡದ ಗ್ರಾಹಕಕ್ಕೆ ತಗುಲಿದರೆ ಮಾತ್ರ ಮುಂದಿನ ಕೋಶ ಎಚ್ಚರಗೊಳ್ಳುತ್ತದೆ. “ಕಡವಿನಲ್ಲಿ ದೋಣಿ ದಾಟಿದ ಹಾಗೆ ಅಲ್ಲವಾ ಡಾಕ್ಟ್ರೇ?” ಎಂದು ಅಣ್ಣ ಕೇಳಿದ. ಅವನು ಪ್ರಶ್ನೆ ಕೇಳಿದ್ದು ನೋಡಿ ನನಗೆ ಅಳು ಬಂತು.

ಮನೆಗೆ ಬಂದ ಮೇಲೆ ಅವನಿಗೆ ಒಟ್ಟೊ ಲೋವಿ ಎಂಬ ವಿಜ್ಞಾನಿಯ ಪ್ರಯೋಗ ಹೇಳಿದೆ. 1921ರಲ್ಲಿ ಲೋವಿ ಎರಡು ಕಪ್ಪೆಗಳ ಹೃದಯ ತೆಗೆದು, ಒಂದರ ನರವನ್ನು ಪ್ರಚೋದಿಸಿ ಅದರ ಬಡಿತ ನಿಧಾನವಾಗಿಸಿದ. ಅದರ ಸುತ್ತಲಿನ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಿದಾಗ, ಯಾವ ನರವನ್ನೂ ಮುಟ್ಟದೆ, ಅದೂ ನಿಧಾನವಾಯಿತು. ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂಬುದಕ್ಕೆ ಅದು ಸಾಕ್ಷಿ. ಹಾಗಾದರೆ ಹೊರಗಿನ ರಾಸಾಯನಿಕಕ್ಕೆ ಆ ಮಾತಿನ ನಡುವೆ ಬಾಯಿ ಹಾಕಲು ದಾರಿ ಇದೆ. ಔಷಧಕ್ಕೂ ಅದೇ ದಾರಿ. ಅಣ್ಣ ಬಹಳ ಹೊತ್ತು ಯೋಚಿಸಿ, “ಹಾಗಾದರೆ ನಾನು ಕೆಟ್ಟವನಾಗಿ ಹುಟ್ಟಿದ್ದಲ್ಲ” ಎಂದ.

ಮೊದಲ ತಿಂಗಳುಗಳು ಬಲು ಕಷ್ಟದವು. ಮದ್ಯ ಕುಡಿದಾಗ ಮಿದುಳಿನ ಆಳದಲ್ಲಿ, ಖುಷಿಯೊಂದಿಗೆ ನಂಟಿರುವ ಡೋಪಮಿನ್ ಎಂಬ ರಾಸಾಯನಿಕ ಹೆಚ್ಚು ಸ್ರವಿಸುತ್ತದೆ. ಡೋಪಮಿನ್ ಸ್ವತಃ ಒಂದು ನರವಾಹಕ, ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ ಎಂದು 1950ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟ ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು. ವ್ಯಸನಕ್ಕೆ ಸಿಕ್ಕವರ ಮಿದುಳಿನಲ್ಲಿ ಡೋಪಮಿನ್ನಿನ ಡಿ2 ಗ್ರಾಹಕಗಳು ಕಡಿಮೆಯಾಗಿರುವುದನ್ನು ಸ್ಕ್ಯಾನ್ ಅಧ್ಯಯನಗಳು ತೋರಿಸಿವೆ. ಹಾಗಾಗಿ ಕುಡಿತ ಬಿಟ್ಟ ಕೂಡಲೇ ಖುಷಿ ಮರಳುವುದಿಲ್ಲ, ಎಲ್ಲವೂ ಸಪ್ಪೆ. ಬಂಗುಡೆಯ ಪುಳಿಮುಂಚಿಯನ್ನು ಅಣ್ಣ ತಟ್ಟೆಯ ಅಂಚಿಗೆ ಸರಿಸುತ್ತಿದ್ದ, ಮಗಳು ಯಕ್ಷಗಾನದ ವೇಷ ಹಾಕಿ ಬಂದು ನಿಂತರೂ ಮುಖ ಅರಳುತ್ತಿರಲಿಲ್ಲ. ಅತ್ತಿಗೆ ಅದನ್ನು ತನ್ನ ಮೇಲಿನ ಬೇಸರ ಎಂದು ತಿಳಿಯದೆ ಅಷ್ಟು ತಿಂಗಳು ಕಾದರು. ಅತ್ತಿಗೆ, ಈ ಬರಹದಲ್ಲಿ ದೊಡ್ಡ ಕೃತಜ್ಞತೆ ನಿಮಗೆ.

ಕುಡಿತ ಬಿಡಿಸಲು, ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸುವ ಪುಡಿ ಇದೆ ಎಂದು ಅತ್ತಿಗೆಗೆ ಹಲವರು ಹೇಳಿದ್ದರು. ವೈದ್ಯರು ಖಂಡತುಂಡವಾಗಿ ಬೇಡವೆಂದರು. ಅಂಥ ಪುಡಿಗಳಲ್ಲಿ ಇರಬಹುದಾದ ಡೈಸಲ್ಫಿರಾಮ್ ಎಂಬ ಔಷಧ ಮದ್ಯದಿಂದ ಹುಟ್ಟುವ ಅಸಿಟಾಲ್ಡಿಹೈಡ್ ದೇಹದಲ್ಲೇ ಶೇಖರವಾಗುವಂತೆ ಮಾಡುತ್ತದೆ. ಅರಿವಿಲ್ಲದೆ ಅದನ್ನು ನುಂಗಿದವನು ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡ ಕುಸಿತ, ಕೆಲವೊಮ್ಮೆ ಸಾವು. ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಬೇಕಾದ ಔಷಧ ಅದು. ದಯವಿಟ್ಟು ಯಾರೂ ಆ ಪುಡಿಗಳ ಹಿಂದೆ ಹೋಗಬೇಡಿ.

ಇನ್ನು ಬೋಟಿನ ಯಜಮಾನರು. ಅವರ ಉಪಕಾರ ಅರ್ಥವಾಗಲು ಮೊದಲು ಒಂದು ಪ್ರಯೋಗ ಹೇಳಬೇಕು. ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಮಂಗಗಳಿಗೆ ಮೊದಲು ಒಂದು ಸೂಚನೆ ತೋರಿಸಿ, ನಂತರ ಹಣ್ಣಿನ ರಸ ಕೊಟ್ಟು, ಅವುಗಳ ಡೋಪಮಿನ್ ಕೋಶಗಳನ್ನು ಗಮನಿಸಿದರು. ಆರಂಭದಲ್ಲಿ ಆ ಕೋಶಗಳು ರಸ ಸಿಕ್ಕಾಗ ಪುಟಿಯುತ್ತಿದ್ದವು. ಅಭ್ಯಾಸವಾದ ಮೇಲೆ ಸೂಚನೆ ಕಂಡಾಗಲೇ ಪುಟಿದವು. ಅಣ್ಣನ ಮಟ್ಟಿಗೆ ಆ ಸೂಚನೆ, ಬೋಟ್ ದಕ್ಕೆ ಮುಟ್ಟಿ, ಮೀನು ಏಲಂ ಆಗಿ, ಪಾಲಿನ ನೋಟುಗಳು ಕೈಗೆ ಬರುವ ಗಳಿಗೆ. ವೈದ್ಯರು ಇದನ್ನು ಹೇಳಿದ ವಾರವೇ ಅಣ್ಣ ಕೇಳಿಕೊಂಡ, ಯಜಮಾನರು ಒಪ್ಪಿದರು: ಅವನ ಪಾಲು ನೇರವಾಗಿ ಅತ್ತಿಗೆಯ ಖಾತೆಗೆ ಹೋಗುತ್ತದೆ. ಖಲಾಸಿಗಳು ಬೋಟಿನಲ್ಲಿ ಬಾಟಲಿ ಇಡುವುದನ್ನೇ ನಿಲ್ಲಿಸಿದರು. ಏಲಂ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ರಿಕ್ಷಾದವರು ಬಂದು ಕಾಯುತ್ತಿರುತ್ತಾರೆ, ಬಾಡಿಗೆ ಕೊಟ್ಟರೆ ಬೈಯುತ್ತಾರೆ. ದೊಡ್ಡಪ್ಪನ ಮನೆಯವರು ಮಗಳ ಮದರಂಗಿಯ ರಾತ್ರಿ ಹಿತ್ತಿಲಲ್ಲಿ ಮದ್ಯದ ಮೇಜು ಹಾಕಲಿಲ್ಲ. ನಮ್ಮ ಕಡೆ ಅದಕ್ಕೆ ಎಷ್ಟು ಧೈರ್ಯ ಬೇಕು ಎಂಬುದು ಬಲ್ಲವರಿಗೆ ಗೊತ್ತು.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪಿನ ಹಿರಿಯರೊಬ್ಬರನ್ನೂ ನೆನೆಯಬೇಕು. 1935ರಲ್ಲಿ ಅಮೆರಿಕದ ಇಬ್ಬರು ಕುಡುಕರು ಪರಸ್ಪರ ಮಾತಾಡುತ್ತ ಆರಂಭಿಸಿದ ಕೂಟ ಅದು. ಈ ಮಳೆಗಾಲದ ನಿಷೇಧದ ದಿನಗಳಲ್ಲಿ, ಕೆಲಸವಿಲ್ಲದೆ ಕುಳಿತಾಗ ಅಣ್ಣನಿಗೆ ಚಡಪಡಿಕೆ ಶುರುವಾದರೆ ಆ ಹಿರಿಯರಿಗೆ ಫೋನ್ ಮಾಡುತ್ತಿದ್ದ. ಕುಡಿಯುವ ತುಡಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಗ್ಗುತ್ತದೆ. ಆ ಅರ್ಧ ಗಂಟೆ ಅವರು ಅಣ್ಣನೊಂದಿಗೆ ಮಳೆ, ಮೀನಿನ ದರ, ಮಕ್ಕಳ ಓದು ಎಂದು ಮಾತಾಡುತ್ತಲೇ ಇರುತ್ತಿದ್ದರು.

ನಿಮ್ಮ ಮನೆಯಲ್ಲೂ ಇಂಥವರು ಇದ್ದರೆ, ಒಮ್ಮೆಗೇ ನಿಲ್ಲಿಸಲು ಒತ್ತಾಯಿಸುವ ಮೊದಲು ವೈದ್ಯರಿಗೆ ತೋರಿಸಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಎರಡಕ್ಕೂ ಶುಲ್ಕವಿಲ್ಲ. ಮಲ್ಪೆ, ಕಲ್ಮಾಡಿ, ಕೊಡವೂರಿನ ಕಡೆಯವರು ಯಾರಾದರೂ ಮೊದಲ ಸಲ ಆಸ್ಪತ್ರೆಗೆ ಹೋಗಲು ಜೊತೆ ಬೇಕೆಂದರೆ ನಾನು, ಅತ್ತಿಗೆ ಬರುತ್ತೇವೆ. ಬೋಟ್ ದಡದಲ್ಲಿದ್ದರೆ ತಾನೂ ಬರುತ್ತೇನೆಂದು ಬರೆಯಲು ಅಣ್ಣ ಹೇಳಿದ್ದಾನೆ.