ಶಾಲೆ ಬೇಡ ಅಂದವರು ಯಾರೂ ಇಲ್ಲ ಕಣಯ್ಯಾ

ಬನಶಂಕರಿ ಎರಡನೇ ಹಂತ, ಬೆಂಗಳೂರು

ಪ್ರೀತಿಯ ಗೆಳೆಯಾ,

"ಶಾಲೆ ಕಟ್ಟೋರಿಗೆ ಅಡ್ಡಗಾಲು ಹಾಕ್ತಿದ್ದೀರಂತೆ, ನಿಮಗೇನು ಬಂದಿದೆ ದೊಡ್ಡ ರೋಗ?" ಅಂತ ಫೋನಿನಲ್ಲಿ ಬೈದೆಯಲ್ಲ, ಬೈಸಿಕೊಂಡದ್ದಕ್ಕೆ ಬೇಸರವಿಲ್ಲ. ಜೀವಮಾನವೆಲ್ಲ ಸರ್ಕಾರಿ ಶಾಲೆಯ ಮೇಷ್ಟ್ರಾಗಿದ್ದವನು, ಒಂದು ಕೊಠಡಿಯ ಹೆಂಚು ಬದಲಾಯಿಸಲು ಊರವರ ಮನೆಮನೆಗೆ ಹೋಗಿ ಚಂದಾ ಎತ್ತಿದವನು ನೀನು. ಶಾಲೆಗೆ ಹೊಸ ಗೋಡೆ ಏಳುತ್ತದೆ ಅಂದರೆ ನಿನಗೆ ಖುಷಿಯಾಗಬೇಕಾದ್ದೇ. ಆದರೆ ಆವತ್ತು ನೀನು ಮಾತಾಡಲು ಬಿಟ್ಟರೆ ತಾನೇ! ಅದಕ್ಕೇ ಬರೆಯುತ್ತಿದ್ದೇನೆ.

ಶಾಲೆ ಯಾವುದು ಅಂತ ನಿನಗೆ ಗೊತ್ತು. ಹೆಸರು ಇಲ್ಲಿ ಬೇಡ, ಈ ಕಾಗದ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ನಾವಿಬ್ಬರೂ ಮಹಡಿ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದಾಗ ಎದುರಿನ ಮನೆಯ ಎರಡು ಕೋಣೆಯಲ್ಲಿ, ಮೇಲೆ ಶೀಟು ಹೊದಿಸಿಕೊಂಡು ನಡೆಯುತ್ತಿತ್ತಲ್ಲ, ಅದೇ. ಗೇಟಿನಲ್ಲಿ ನಿಂತಿರುತ್ತಿದ್ದ ಟೀಚರಮ್ಮನಿಗೆ ಪ್ರತಿ ಮಗುವಿನ ಮನೆ ಗೊತ್ತಿತ್ತು, ಅವರ ಅಜ್ಜಿಯ ಮಂಡಿನೋವೂ ಗೊತ್ತಿತ್ತು. ನನ್ನ ಮಗಳು ಏಳನೇ ಕ್ಲಾಸಿನವರೆಗೆ ಅಲ್ಲೇ ಓದಿದ್ದು. ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿದರೆ ಶಾಲೆ. ಟೀಚರಮ್ಮ ತೀರಿಕೊಂಡ ಮೇಲೆ ಟ್ರಸ್ಟು ಬೇರೆಯವರ ಕೈಗೆ ಹೋಯಿತು. ಈಗ ಪಕ್ಕದ ಸಂಪಿಗೆ ಮರದ ಮನೆ, ಅದರಾಚೆಯ ಮೂಲೆ ಮನೆ, ಎರಡನ್ನೂ ಕೊಂಡು ಕೆಡವಿದ್ದಾರೆ. ಮೂರು ಸೈಟಿನ ಖಾತೆ ಒಂದು ಮಾಡಿ, ಬೇಸ್‌ಮೆಂಟು, ಅದರ ಮೇಲೆ ನಾಲ್ಕು ಅಂತಸ್ತು, ತುದಿಯಲ್ಲಿ ಪಿಯು ಕಾಲೇಜು. ರಸ್ತೆ ಮಾತ್ರ ಸಿಐಟಿಬಿಯವರು (ಬಿಡಿಎಗೆ ಮೊದಲಿದ್ದ ನಗರಾಭಿವೃದ್ಧಿ ಮಂಡಳಿ) ಬಡಾವಣೆ ಮಾಡಿದಾಗ ಎಷ್ಟಿತ್ತೋ ಅಷ್ಟೇ, ಮೂವತ್ತಡಿ.

ನೀನು ಒಂದು ದಿನ ಬೆಳಿಗ್ಗೆ ಏಳೂಮುಕ್ಕಾಲಿಗೆ ನಮ್ಮ ಗೇಟಿನಲ್ಲಿ ನಿಲ್ಲಬೇಕು. ಮೊದಲು ಓಮ್ನಿ ವ್ಯಾನುಗಳು ಬರುತ್ತವೆ. ಅವು ಬುದ್ಧಿವಂತ, ಇಳಿಸಿ ಹೊರಟುಬಿಡುತ್ತವೆ. ಆಮೇಲೆ ಹಳದಿ ಬಸ್ಸು. ಕ್ರಾಸಿನಲ್ಲಿ ಅದು ತಿರುಗುವುದಿಲ್ಲ, ಮೇನ್ ರೋಡಿನಿಂದಲೇ ರಿವರ್ಸ್ ಬರಬೇಕು. ಆಯಾ ಇಳಿದು ಬಸ್ಸಿನ ಮೈ ಬಡಿಯುತ್ತಾ "ಬರ್ಲಿ... ಬರ್ಲಿ... ಬರ್ಲಿ... ಸಾಕ್ ಸಾಕ್!" ಅನ್ನುತ್ತಾಳೆ. ಅದರ ಹಿಂದೆ ಒಂದೊಂದು ಮಗುವಿಗೆ ಒಂದೊಂದು ದೊಡ್ಡ ಕಾರು. ನಮ್ಮ ಮನೆ ರ‍್ಯಾಂಪಿಗೆ ಅಡ್ಡ ನಿಲ್ಲಿಸಿ, ಗಾಜು ಎರಡು ಇಂಚು ಇಳಿಸಿ, "ಟೂ ಮಿನಿಟ್ಸ್ ಅಂಕಲ್". ಹಾಲಿನವನು, ನೀರಿನ ಟ್ಯಾಂಕರು, ಡಯಾಲಿಸಿಸ್‌ಗೆ ಹೋಗಬೇಕಾದ ಹಿಂದಿನ ಮನೆ ರಾಯರು, ಎಲ್ಲರೂ ಎಂಟೂವರೆವರೆಗೆ ಕಾಯಬೇಕು. ರಾಯರು ಈಗ ಏಳು ಗಂಟೆಗೇ ಮನೆ ಬಿಟ್ಟು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತಿರುತ್ತಾರೆ. ಇದು ಈಗಿರುವ ಕಟ್ಟಡದ ಕಥೆ. ಹೊಸದು ಎದ್ದರೆ ಮಕ್ಕಳ ಸಂಖ್ಯೆ ಎರಡು ಪಟ್ಟು ಅಂತ ಅವರ ಕರಪತ್ರವೇ ಹೆಮ್ಮೆಯಿಂದ ಹೇಳುತ್ತದೆ.

ಮಕ್ಕಳ ಗಲಾಟೆ ನಮ್ಮ ತಕರಾರಲ್ಲ. ನಮ್ಮ ನಿವಾಸಿಗಳ ಸಂಘದಲ್ಲಿ ಒಬ್ಬಿಬ್ಬರು ಹೊಸ ಕಟ್ಟಡದ ವಿರುದ್ಧದ ಅರ್ಜಿಯಲ್ಲಿ ಅದನ್ನೂ ಸೇರಿಸಬೇಕು ಅಂದರು, ನಾನು ಜಗಳ ಮಾಡಿ ಹೊಡೆದುಹಾಕಿಸಿದೆ. ಬಿಡುವಿನ ಹೊತ್ತಿನಲ್ಲಿ ಮಕ್ಕಳು ಕೂಗದೆ ಇನ್ನೇನು ಮಾಡುತ್ತವೆ? ಧ್ವನಿವರ್ಧಕ ಬೇರೆ ಮಾತು. ವಾರ್ಷಿಕೋತ್ಸವದ ತಾಲೀಮು ಅಂತ ಒಂದೇ ಸಿನಿಮಾ ಹಾಡನ್ನು ವಾರಗಟ್ಟಲೆ ಹಚ್ಚುತ್ತಾರೆ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ಶಾಲೆಯ ಸುತ್ತ ನೂರು ಮೀಟರನ್ನು ನಿಶ್ಶಬ್ದ ವಲಯ ಮಾಡಲು ಅವಕಾಶವಿದೆ, ಮಕ್ಕಳ ಪಾಠಕ್ಕೆ ತೊಂದರೆಯಾಗದಿರಲಿ ಅಂತ. ಇಲ್ಲಿ ಮೈಕು ಇರುವುದು ಶಾಲೆಯ ತಾರಸಿಯಲ್ಲೇ.

ಗಣಪತಿ ದೇವಸ್ಥಾನದ ಹಿಂದಿನ ಹಾಲಿನಲ್ಲಿ ಮೊದಲ ಮೀಟಿಂಗ್ ಆಯಿತು. ಅದನ್ನೂ ನಿನಗೆ ಮುಚ್ಚಿಡದೆ ಹೇಳುತ್ತೇನೆ. ಎಲ್ಲರಿಗಿಂತ ಜೋರಾಗಿ ಮೇಜು ಗುದ್ದಿದವರು ಯಾರು ಗೊತ್ತಾ? ಮೂವತ್ತು ನಲವತ್ತರ ಸೈಟಿನಲ್ಲಿ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಜಾಗ ಒಂದಿಂಚೂ ಬಿಡದೆ ಐದಂತಸ್ತು ಎಬ್ಬಿಸಿ ಪಿಜಿ ನಡೆಸುತ್ತಿರುವವರು! ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಕಾಣುವ ಜನ. ಶಾಲೆಯವರ ವಕೀಲರೂ ದಡ್ಡರಲ್ಲ. ಮುಂದಿನ ವಾರವೇ ನಮ್ಮ ಕ್ರಾಸಿನ ಅಷ್ಟೂ ಮನೆಗಳ ಫೋಟೋ ತೆಗೆಸಿ, ಯಾರ್ಯಾರ ಕಟ್ಟಡ ನಕ್ಷೆ ಮೀರಿದೆ ಅಂತ ಪಟ್ಟಿ ಮಾಡಿ ಕಳಿಸಿದರು. ನಕ್ಷೆ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಾಗಿನಿಂದ ಇಂಥ ಮನೆಗಳೆಲ್ಲ ಅತ್ತ ಅಕ್ರಮವೂ ಹೋಗದೆ ಇತ್ತ ಸಕ್ರಮವೂ ಆಗದೆ ನಿಂತಿವೆ. ಪಟ್ಟಿ ಬಂದ ಮೇಲೆ ನಮ್ಮ ಮೀಟಿಂಗಿಗೆ ಜನ ಅರ್ಧಕ್ಕರ್ಧ ಇಳಿದರು. ಉಳಿದವರು ಹೆಚ್ಚಾಗಿ ಹೆಂಗಸರು, ರಿಟೈರ್ಡ್ ಜನ, ಮತ್ತೆ ಮುಚ್ಚಿಡಲು ಏನೂ ಇಲ್ಲದ ಹಳೇ ಮನೆಯವರು. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು.

ಆಮೇಲೆ ಕಾಗದ ಹುಡುಕುವ ಕೆಲಸ. ಕೆಇಬಿಯಲ್ಲಿದ್ದ ನಿವೃತ್ತ ಎಂಜಿನಿಯರೊಬ್ಬರು ಮಾಹಿತಿ ಹಕ್ಕಿನಲ್ಲಿ ನಕ್ಷೆ ತರಿಸಿದರು. ಹಾಲಿನ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಚೊಂಬು ಇಟ್ಟು ಓದಿದೆವು. ಮಂಜೂರಾತಿ ಇರುವುದು 'ವಾಸದ ಕಟ್ಟಡ'ಕ್ಕೆ. ಅಡುಗೆಮನೆ, ಮಲಗುವ ಕೋಣೆ ಅಂತ ಬರೆದಿರುವ ಕೋಣೆಗಳ ಅಳತೆ ನೋಡಿದರೆ ಐವತ್ತು ಬೆಂಚು ಹಿಡಿಯುತ್ತವೆ. ಅಷ್ಟು ದೊಡ್ಡ ಮಲಗುವ ಕೋಣೆಯಲ್ಲಿ ಯಾವ ಮಹಾರಾಜ ಮಲಗುತ್ತಾನಯ್ಯಾ?

ಎಲ್ಲಿ ಏನು ಕಟ್ಟಬಹುದು ಅಂತ ಹೇಳುವ ಬೆಂಗಳೂರಿನ ಮಹಾಯೋಜನೆ (ಮಾಸ್ಟರ್ ಪ್ಲಾನ್) ಅಂದರೆ ಆರ್‌ಎಂಪಿ 2015, ಅದಕ್ಕೆ ಮಂಜೂರಾತಿ ಸಿಕ್ಕಿದ್ದು 2007ರಲ್ಲಿ. 2031ರದ್ದು ಅಂತ ಕರಡು ಬಂತು, ವಾಪಸ್ಸೂ ಹೋಯಿತು. ಹಾಗಾಗಿ ಇವತ್ತಿಗೂ ಹಳೆಯದೇ ಆಧಾರ. ವಸತಿ ಪ್ರದೇಶದಲ್ಲಿ ನಲವತ್ತಡಿಗಿಂತ ಕಿರಿದಾದ ರಸ್ತೆಯಲ್ಲಿ ವಾಣಿಜ್ಯ ಚಟುವಟಿಕೆ ಕೂಡದು ಅನ್ನುವುದನ್ನು ನಮ್ಮ ಸಂಘದವರು ಈಗ ಮಗ್ಗಿಯಂತೆ ಒಪ್ಪಿಸುತ್ತಾರೆ. ಅದಕ್ಕೆ ಶಾಲೆಯವರ ಉತ್ತರ: ಶಿಕ್ಷಣ ವಾಣಿಜ್ಯವಲ್ಲ, ಸೇವೆ. ಫೀಸಿನ ರಸೀತಿ ನೋಡಿದವರು ನಗುತ್ತಾರೆ, ಆದರೆ ಕಾನೂನಿನ ಕಣ್ಣಿನಲ್ಲಿ ಅದು ಸುಳ್ಳಲ್ಲ. ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳು ಕೂತು ಹೇಳಿದ್ದು ಅದನ್ನೇ. ಖಾಸಗಿ ಶಿಕ್ಷಣ ಸಂಸ್ಥೆ ಲಾಭಕೋರತನ ಮಾಡುವಂತಿಲ್ಲ, ಆದರೆ ಸಂಸ್ಥೆಯ ಬೆಳವಣಿಗೆಗೆ ಅಂತ ಒಂದಿಷ್ಟು ಮಿಗತೆ ಇಟ್ಟುಕೊಳ್ಳಬಹುದು. ಇತ್ತ ಆದಾಯ ತೆರಿಗೆಯವರ ಲೆಕ್ಕದಲ್ಲಿ, ವಿನಾಯಿತಿ ಬೇಕಾದರೆ ಟ್ರಸ್ಟು ತನ್ನ ಆದಾಯದ ಶೇ. 85ನ್ನು ಉದ್ದೇಶಿತ ಕೆಲಸಕ್ಕೇ ಬಳಸಬೇಕು. ಇವೆರಡನ್ನೂ ಕೂಡಿಸಿ ನೋಡು. ಬಂದ ಹಣವನ್ನು ಹಂಚಿಕೊಳ್ಳುವ ಹಾಗಿಲ್ಲ, ಸುಮ್ಮನೆ ಪೇರಿಸುವ ಹಾಗೂ ಇಲ್ಲ. ಕಟ್ಟಡ ಕಟ್ಟಬಹುದು, ಪಕ್ಕದ ಮನೆ ಕೊಳ್ಳಬಹುದು. ನಮ್ಮೂರಿನ ಶಾಲೆಗಳು ಹೀಗೆ ಒಂದೊಂದೇ ಮನೆ ನುಂಗುತ್ತಾ ಹೋಗುವುದಕ್ಕೆ ಟ್ರಸ್ಟಿಗಳ ದುರಾಸೆ ಮಾತ್ರ ಕಾರಣವಲ್ಲ ಅಂತ ನನಗೆ ಅನ್ನಿಸತೊಡಗಿದ್ದು ಇದನ್ನೆಲ್ಲ ಓದಿದ ಮೇಲೆ. ಸಂಘದಲ್ಲಿ ಹೇಳಿದರೆ "ನೀವು ಯಾರ ಕಡೆ ಸಾರ್?" ಅಂತ ಕೇಳುತ್ತಾರೆ.

ಇನ್ನು ಪಾರ್ಕಿನ ವಿಷಯ. ಶಾಲೆಗೆ ಮೈದಾನವಿಲ್ಲ, ಇದ್ದ ಅಂಗಳವೂ ಬೇಸ್‌ಮೆಂಟಿನ ರ‍್ಯಾಂಪಿಗೆ ಹೋಗುತ್ತದೆ. ಎದುರಿನ ಪಾರ್ಕನ್ನು ಬೆಳಗಿನ ಹೊತ್ತು ಆಟದ ಪಿರಿಯಡ್ಡಿಗೆ ಕೊಡಿ, ನಿರ್ವಹಣೆ ನಾವು ನೋಡಿಕೊಳ್ಳುತ್ತೇವೆ ಅಂತ ಅರ್ಜಿ ಹಾಕಿದ್ದಾರೆ. ಮಕ್ಕಳು ಬಂದು ಆಡಲಿ, ಯಾರಿಗೆ ಬೇಡ. ಆದರೆ 'ನಿರ್ವಹಣೆ' ಅಂತ ಶುರುವಾದದ್ದು ಗೇಟಿನ ಬೀಗದಲ್ಲಿ ಮುಗಿಯುವುದನ್ನು ಈ ಊರಿನಲ್ಲಿ ನೋಡಿದ್ದೇವಲ್ಲ. ಇಂಥ ಮಾತಿಗೆ ಬೆಂಗಳೂರಿನವರು ಈಗಲೂ ನೆನೆಯುವುದು ಸದಾಶಿವನಗರದ ಕಥೆಯನ್ನು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಒಂದು ಮೆಡಿಕಲ್ ಟ್ರಸ್ಟಿಗೆ ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆಯೂ ಜನರ ಒಳಿತಿಗೇ ಅಲ್ಲವೇ, ಇವರಿಗೇನು ಕೇಳುವ ಹಕ್ಕು ಅಂತ ವಾದ ಬಂತು. 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಬಡಾವಣೆಯ ಪಾರ್ಕಿನ ಬಗ್ಗೆ ಅಲ್ಲಿ ಬದುಕುವವರು ಕೇಳದೆ ಇನ್ಯಾರು ಕೇಳಬೇಕು ಅನ್ನುವ ಅರ್ಥದಲ್ಲೇ ತೀರ್ಪು ಬಂದು, ಪಾರ್ಕು ಉಳಿಯಿತು. ನಮ್ಮ ಸಂಘದ ಹೆಂಗಸರೊಬ್ಬರು ಆ ತೀರ್ಪನ್ನು ಪ್ರಿಂಟು ತೆಗೆಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ತರಕಾರಿ ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಾರೆ.

ಮೇಷ್ಟ್ರಿಗೆ ಹೇಳಬೇಕಾದ ಮುಖ್ಯ ಮಾತು ಈಗ. ಈ ಶಾಲೆಗೆ ನಮ್ಮ ಬಡಾವಣೆಯ ಮಕ್ಕಳು ಎಷ್ಟು ಬರುತ್ತಾರೆ ಅಂತ ಕೇಳಿದೆವು. ಉತ್ತರ ಕೊಡಲಿಲ್ಲ, ಆದರೆ ಬಸ್ಸುಗಳ ಬೋರ್ಡು ಓದಿದರೆ ಸಾಕು: ಕನಕಪುರ ರಸ್ತೆ, ಕೆಂಗೇರಿ, ಉತ್ತರಹಳ್ಳಿ, ಬನ್ನೇರುಘಟ್ಟ ರಸ್ತೆ. ಅಲ್ಲಿನ ಎಲ್‌ಕೆಜಿ ಕೂಸು ಆರೂವರೆಗೆ ಎದ್ದು, ಬಸ್ಸಿನಲ್ಲಿ ತೂಕಡಿಸಿಕೊಂಡು ಇಲ್ಲಿಗೆ ಬರುತ್ತದೆ. ನಮ್ಮ ಕ್ರಾಸಿನ ಕೂಸು ಅದೇ ಹೊತ್ತಿಗೆ ಇನ್ನೊಂದು ಬಸ್ಸು ಹತ್ತಿ ಅತ್ತ ಕಡೆ ಹೋಗುತ್ತದೆ! ನಡೆದುಬರುವ ಮಕ್ಕಳಿದ್ದರೆ ಮೂವತ್ತಡಿ ರಸ್ತೆ ಧಾರಾಳವಾಗಿ ಸಾಕು. ಶಾಲೆ ದೊಡ್ಡದಾದದ್ದಕ್ಕಿಂತ, ಅದು ಅಕ್ಕಪಕ್ಕದವರದ್ದಾಗಿ ಉಳಿಯದೆ ಹೋದದ್ದು ನನಗೆ ಸಂಕಟ.

ಅಕ್ಕಪಕ್ಕದವರ ಜೊತೆ ಅದನ್ನು ಕಟ್ಟಿಹಾಕಿದ್ದ ಒಂದು ದಾರವಿತ್ತು. ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಕೋಟಾದಲ್ಲಿ ವಾರ್ಡಿನ ಬಡ ಮಕ್ಕಳಿಗೆ ಶೇ. 25 ಸೀಟು. ನಮ್ಮ ಮನೆಗೆಲಸಕ್ಕೆ ಬರುವಾಕೆಯ ಹಿರಿಮಗ ಹಾಗೇ ಸೇರಿದ್ದು, ಓದಿದ್ದು. 2018-19ರ ಹೊತ್ತಿಗೆ ರಾಜ್ಯ ಸರ್ಕಾರ ನಿಯಮ ತಿದ್ದಿತು. ಹತ್ತಿರದಲ್ಲೇ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯವರು ಆ ಸೀಟು ಕೊಡಬೇಕಾಗಿಲ್ಲ. ಸರ್ಕಾರಿ ಶಾಲೆ ಉಳಿಯಲಿ ಅನ್ನುವ ವಾದ ಅದರ ಹಿಂದಿತ್ತು, ನಿನಗೂ ಅದು ಸರಿ ಕಂಡಿತ್ತು, ನೆನಪಿದೆಯಾ? ಆಕೆಯ ಕಿರಿಮಗನಿಗೆ ಸೀಟು ಸಿಗಲಿಲ್ಲ. ಅವನು ಹೋಗುವ ಸರ್ಕಾರಿ ಶಾಲೆಯಲ್ಲಿ ದೊಡ್ಡ ಅಂಗಳವಿದೆ, ಹೊಂಗೆ ಮರವಿದೆ, ಬೀಗ ಹಾಕಿದ ಕೋಣೆಗಳೂ ಇವೆ. ಇಲ್ಲಿ ಮಕ್ಕಳಿಗೆ ಜಾಗ ಸಾಲದೆ ಮನೆ ಕೆಡವುತ್ತಿದ್ದಾರೆ.

ನನಗೆ ನಿದ್ದೆ ಕೆಡಿಸುವ ವಿಷಯ ಇನ್ನೊಂದಿದೆ, ಅದನ್ನು ಅರ್ಜಿಯಲ್ಲಿ ಮೊದಲು ಬರೆಸಿದ್ದೇನೆ. 2004ರ ಜುಲೈನಲ್ಲಿ ಕುಂಭಕೋಣಂನಲ್ಲಿ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಹೋದವು. ಕಿರಿದಾದ ಮೆಟ್ಟಿಲು, ಇಕ್ಕಟ್ಟಿನ ಕಟ್ಟಡ. ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಕ್ರಾಸಿಗೆ ಅಗ್ನಿಶಾಮಕ ವಾಹನ ಹೇಗೆ ಬರುತ್ತದೆ? ಶಾಲೆಯವರು ಮೆಟ್ಟಿಲು ಅಗಲವಾಗಿಯೇ ಕಟ್ಟಬಹುದು, ಇಳಿದ ಮಕ್ಕಳು ನಿಲ್ಲಲು ಜಾಗವಾದರೂ ಬೇಡವೇ? ಇದಕ್ಕೆ ಮಾತ್ರ ಅವರ ವಕೀಲರ ಹತ್ತಿರ ಉತ್ತರವಿರಲಿಲ್ಲ.

ವ್ಯಾನ್ ಡ್ರೈವರುಗಳು ನಮ್ಮ ಮೇಲೆ ಸಿಟ್ಟಾಗಿದ್ದಾರೆ, ಎಳನೀರಿನವನೂ ಅಷ್ಟೆ. ಅವರ ಸಿಟ್ಟು ನ್ಯಾಯವಾದದ್ದೇ. ಶಾಲೆಯ ಹಳೆಯ ಟೀಚರೊಬ್ಬರು ದಾರಿಯಲ್ಲಿ ಸಿಕ್ಕಿ, "ನಿಮ್ಮ ಸಂಘದವರು ಗೆದ್ದರೆ ನಮ್ಮ ಇನ್‌ಕ್ರಿಮೆಂಟು ಹೋಗತ್ತೆ ಅಂತ ಹೇಳಿದ್ದಾರೆ ಸಾರ್" ಅಂದರು. ಅವರ ಸಂಬಳ ಎಷ್ಟು ಅಂತ ಕೇಳಿದೆ. ಇಲ್ಲಿ ಬರೆಯುವುದಿಲ್ಲ, ನಿನಗೆ ಬಿಪಿ ಇದೆ.

ಶಾಲೆ ಮುಚ್ಚಿ ಅಂತ ನಾವು ಎಲ್ಲೂ ಬರೆದಿಲ್ಲ. ಪ್ರೈಮರಿ ಇಲ್ಲೇ ಇರಲಿ, ಬಡಾವಣೆಯ ಮಕ್ಕಳಿಗೆ ಮೊದಲ ಸೀಟು ಕೊಡಲಿ. ಹೈಸ್ಕೂಲು, ಪಿಯು ಊರಾಚೆ ಟ್ರಸ್ಟು ಕೊಂಡಿರುವ ಜಾಗಕ್ಕೆ ಹೋಗಲಿ. ಬಸ್ಸುಗಳು ಮೇನ್ ರೋಡಿನಲ್ಲೇ ಇಳಿಸಲಿ, ಅಲ್ಲಿಂದ ಆಯಾ ಜೊತೆ ಸಾಲಾಗಿ ನಡೆದು ಬರಲಿ. ದೊಡ್ಡ ಕ್ಲಾಸು, ಚಿಕ್ಕ ಕ್ಲಾಸಿಗೆ ಬೇರೆ ಬೇರೆ ಹೊತ್ತು. ಪಾರ್ಕಿಗೆ ಬೀಗ ಬೇಡ. ಅರ್ಜಿ ಕೊಟ್ಟು ತಿಂಗಳುಗಳಾದವು. ಈಚೆಗೆ ಬೆಂಗಳೂರಿಗೆ ಐದು ಪಾಲಿಕೆಗಳಾದವಲ್ಲ, ನಮ್ಮ ಫೈಲು ಈಗ ಯಾವ ಮೇಜಿನ ಮೇಲಿದೆ ಅಂತ ಕೇಳಬೇಡ. ಅಷ್ಟರೊಳಗೆ ಟ್ರಸ್ಟಿನ ಹೊಸ ಕಾರ್ಯದರ್ಶಿ, ವಯಸ್ಸಿನಲ್ಲಿ ಚಿಕ್ಕವರು, ತಾವಾಗಿಯೇ ಬಂದು ಕೂತು ಕಾಫಿ ಕುಡಿದು, "ಭಾನುವಾರ ಮಾತಾಡೋಣ, ವಕೀಲರು ಬೇಡ" ಅಂದಿದ್ದಾರೆ. ಪಿಜಿ ಮಾಲೀಕರಿಗೆ ಇದು ಸರಿಬಂದಿಲ್ಲ, ಕೇಸೇ ಹಾಕಬೇಕಂತೆ.

ಅದಕ್ಕೇ ನಿನ್ನಿಂದ ಒಂದು ಸಹಾಯ. ನೀನು ಹೆಡ್‌ಮಾಸ್ಟರಾಗಿದ್ದಾಗ, ಶಾಲೆ ಮುಂದೆ ಹೈವೇ ಅಗಲವಾದ ಮೇಲೆ, ಮಕ್ಕಳನ್ನು ಬೀದಿವಾರು ಗುಂಪು ಮಾಡಿ ದೊಡ್ಡ ಹುಡುಗರ ಜೊತೆ ಕಳಿಸುತ್ತಿದ್ದೆಯಲ್ಲ, ಗಂಟೆಯನ್ನೂ ಎರಡು ಸಲ ಹೊಡೆಸುತ್ತಿದ್ದೆ. ಎಷ್ಟು ಮಕ್ಕಳಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು, ಎಲ್ಲಿ ಎಡವಟ್ಟಾಯಿತು, ಅಪ್ಪ-ಅಮ್ಮಂದಿರನ್ನು ಹೇಗೆ ಒಪ್ಪಿಸಿದೆ, ಒಂದು ಹಾಳೆಯಲ್ಲಿ ಬರೆದು ಫೋಟೋ ತೆಗೆದು ಕಳಿಸು. ಶನಿವಾರ ಸಂಜೆಯೊಳಗೆ ಬಂದರೆ ಒಳ್ಳೆಯದು, ಕಾರ್ಯದರ್ಶಿಯವರ ಮುಂದೆ ಇಡುತ್ತೇನೆ. ಅಕ್ಷರ ಮಾತ್ರ ಸ್ವಲ್ಪ ಓದುವ ಹಾಗಿರಲಿ ಮಾರಾಯ.

ಅತ್ತಿಗೆಗೆ ನಮಸ್ಕಾರ ಹೇಳು.

ಇಂತಿ,
ನಿನ್ನ ಹಳೇ ರೂಮ್‌ಮೇಟು