ಮಗಳಿಗೊಂದು ಪತ್ರ: ಬರೆಯುವ ಕೈ, ನಡೆಸುವ ಕೈ

ಸೋಮವಾರಪೇಟೆ

ಪ್ರೀತಿಯ ಮಗಳೇ,

ಕಾಲೇಜಿನ ವಾದ್ಯವೃಂದವನ್ನು ನಡೆಸಲು ನಿನ್ನನ್ನು ಕೇಳಿದ್ದಾರೆ, ಒಪ್ಪಿಕೊಂಡರೆ ನಿನ್ನ ಸ್ವಂತ ರಚನೆಗೆ ಹೊತ್ತು ಸಿಗುವುದಿಲ್ಲ ಎಂದು ಬರೆದಿದ್ದೀಯ. ವಹಿಸಿದ ಡ್ಯೂಟಿಯನ್ನು ಬೇಡವೆನ್ನುವುದುಂಟೇ ಎನ್ನುತ್ತಾರೆ ನಿನ್ನ ಅಪ್ಪ. ಅವರು ಪಲ್ಟನ್ ಬಿಟ್ಟು ಬಂದು ಇಷ್ಟು ವರ್ಷವಾದರೂ ಪಲ್ಟನ್ ಅವರನ್ನು ಬಿಟ್ಟಿಲ್ಲ. ನನಗೆ ಮಾತ್ರ ನೀನು ಹುಚ್ಚು ಹತ್ತಿಸಿ ಹೋದ ಪಿಯೆರ್ ಬುಲೆಜ್ ನೆನಪಾದ, ಸಂಗೀತ ಬರೆಯುವುದನ್ನೂ ವಾದ್ಯವೃಂದ ನಡೆಸುವುದನ್ನೂ ಎರಡನ್ನೂ ಮಾಡಿದವನು.

1925ರಲ್ಲಿ ಫ್ರಾನ್ಸಿನ ಒಂದು ಸಣ್ಣ ಊರಿನಲ್ಲಿ ಹುಟ್ಟಿದವನು. ತಂದೆ ಉಕ್ಕಿನ ಉದ್ಯಮದಲ್ಲಿ ಎಂಜಿನಿಯರ್. ಮಗನೂ ಅದೇ ಆಗಲಿ ಎಂಬ ಆಸೆ. ಹುಡುಗ ಲಿಯೋನ್‌ನಲ್ಲಿ ಗಣಿತ ಓದಲು ಕುಳಿತು, 1943ರಲ್ಲಿ ಅದನ್ನು ಬಿಟ್ಟು ಪ್ಯಾರಿಸ್ಸಿಗೆ ಹೊರಟ. ಜೀವನವಿಡೀ ಗಣಿತ ಕಲಿಸಿದ ನನಗೆ ಅವನ ಮೇಷ್ಟರ ಬಗ್ಗೆ ಸ್ವಲ್ಪ ಮರುಕವಿದೆ. ಆದರೆ ಲೆಕ್ಕ ಅವನನ್ನು ಪೂರ್ತಿ ಬಿಡಲಿಲ್ಲ. 1945ರಲ್ಲಿ ಬರೆದ 'ನೊಟಾಸಿಯೋಂ' ನೋಡು: ಪಿಯಾನೋಗೆ 12 ಪುಟ್ಟ ರಚನೆಗಳು, ಒಂದೊಂದರಲ್ಲೂ 12 ಬಾರ್, ಅಂದರೆ ನಮ್ಮ ತಾಳದ ಆವರ್ತದಂಥ 12 ಅಳತೆಗಳು.

ಕಂಡಕ್ಟರ್, ಅಂದರೆ ವಾದ್ಯವೃಂದದ ಎದುರು ನಿಂತು ಅದನ್ನು ನಡೆಸುವವ, ಆಗಬೇಕೆಂದು ಹೊರಟವನಲ್ಲ ಆತ. 1946ರಲ್ಲಿ ಹೊಟ್ಟೆಪಾಡಿಗೆ ಒಂದು ನಾಟಕ ಕಂಪನಿ ಸೇರಿ, ಅಲ್ಲಿನ ಸಂಗೀತ ನೋಡಿಕೊಳ್ಳುತ್ತಲೇ ಆ ಕೆಲಸ ಕಲಿತ. ಮುಂದೆ 1954ರಿಂದ ಪ್ಯಾರಿಸ್ಸಿನಲ್ಲಿ ಹೊಸ ಸಂಗೀತದ ಕಛೇರಿಗಳನ್ನು ತಾನೇ ಏರ್ಪಡಿಸತೊಡಗಿದ. ಅದನ್ನು ಸರಿಯಾಗಿ ನಡೆಸಬಲ್ಲವರು ವಿರಳವಾಗಿದ್ದರಿಂದ ವಾದ್ಯಗಾರರ ಮುಂದೆ ತಾನೇ ನಿಂತ.

ಅವನದೇ ರಚನೆ, 1955ರ 'ಲ ಮಾರ್ತೊ ಸಾಂ ಮೆತ್ರ' ಕೇಳುತ್ತಾ ತಾಳ ಹಾಕಲು ಹೋದೆ. ಒಂದು ಹೆಣ್ಣುದನಿ, ಕೊಳಲು, ವಯೋಲಾ, ಗಿಟಾರ್, ಜೊತೆಗೆ ಕೋಲಿನಿಂದ ಬಾರಿಸುವ ವಾದ್ಯಗಳು. ನನ್ನ ಬೆರಳು ಮೇಜಿನ ಮೇಲೆ ಒಮ್ಮೆಯೂ ಸರಿಯಾದ ಜಾಗದಲ್ಲಿ ಬೀಳಲಿಲ್ಲ. ಹುತ್ತರಿಯಲ್ಲಿ ದುಡಿ ಹಿಡಿದು ಹಾಡುವವರ ಎದುರು ಯಾರೂ ಕೈಯಾಡಿಸಬೇಕಿಲ್ಲ, ಬಡಿತ ಅವರ ಮೈಯಲ್ಲೇ ಇರುತ್ತದೆ. ಇಲ್ಲಿ ಬಡಿತದ ಅಳತೆಯೇ ಮತ್ತೆ ಮತ್ತೆ ಬದಲಾಗುತ್ತದೆ. ಹಾಗಾಗಿ ಎಲ್ಲರಿಗೂ ಕಾಣುವ ಒಂದು ಕೈ ಬೇಕು. ಕಂಡಕ್ಟರುಗಳು ಹಿಡಿಯುವ ಸಣ್ಣ ಕೋಲನ್ನು ಬುಲೆಜ್ ಹಿಡಿಯುತ್ತಿರಲಿಲ್ಲ, ಬರಿಗೈಯಲ್ಲೇ ನಡೆಸುತ್ತಿದ್ದ. ಅಪ್ಪನಿಗೆ ವಿಡಿಯೊ ತೋರಿಸಿದೆ. ಕೋಲಿಲ್ಲದ ಬ್ಯಾಂಡ್ ಮಾಸ್ಟರಿಗೆ ಯಾರು ಹೆದರುತ್ತಾರೆ ಎಂದರು!

ಆಮೇಲಿನದು ನಿನಗೆ ಗೊತ್ತೇ ಇದೆ. 1971ರಿಂದ ಲಂಡನ್ನಿನ ಬಿಬಿಸಿ ಸಿಂಫನಿ ಮತ್ತು ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಎಂಬ ಎರಡು ವಾದ್ಯವೃಂದಗಳ ಹೊಣೆ, 1976ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರ್‌ನ ಸಂಗೀತ ನಾಟಕಗಳು, ಅದರ ಬೆನ್ನಿಗೇ ಪ್ಯಾರಿಸ್ಸಿನಲ್ಲಿ ಧ್ವನಿ ಸಂಶೋಧನೆಯ ದೊಡ್ಡ ಕೇಂದ್ರ. ನ್ಯೂಯಾರ್ಕಿನಲ್ಲಿ ಕುರ್ಚಿಗಳನ್ನು ತೆಗೆಸಿ ನೆಲಕ್ಕೆ ಕಂಬಳಿ ಹಾಸಿ ಜನರನ್ನು ಕೂರಿಸಿದ್ದು ಮಾತ್ರ ನನಗೆ ಬಹಳ ಹಿಡಿಸಿತು.

ನಿನ್ನ ಭಯ ಸುಳ್ಳೆಂದು ನಾನು ಹೇಳಲಾರೆ. ಕಂಡಕ್ಟರ್ ಕೆಲಸ ಆತನ ವರ್ಷಗಳನ್ನು ನುಂಗಿತು. ಹಳೆಯ ರಚನೆಗಳನ್ನೇ ತಿದ್ದುತ್ತ ಕುಳಿತ, ಕೆಲವು ಮುಗಿಯಲೇ ಇಲ್ಲ. ಆ 12 ಪಿಯಾನೋ ತುಣುಕುಗಳನ್ನು ಮೂರು ದಶಕಗಳ ನಂತರ ಭಾರೀ ವಾದ್ಯವೃಂದಕ್ಕಾಗಿ ಹಿಗ್ಗಿಸಲು ಹೊರಟು, 2016ರಲ್ಲಿ ಸಾಯುವ ಹೊತ್ತಿಗೆ ಮುಗಿಸಿದ್ದು 5 ಮಾತ್ರ. ಉಳಿದ 7 ಅವನು ತೆತ್ತ ಬೆಲೆ ಎಂದುಕೋ. ಆದರೆ ಆ ಐದನ್ನು ಒಮ್ಮೆ ಪಿಯಾನೋದಲ್ಲಿ, ಒಮ್ಮೆ ವಾದ್ಯವೃಂದದಲ್ಲಿ ಕೇಳು. ಒಂದೊಂದು ವಾದ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ, ಯಾವುದು ಯಾವುದನ್ನು ಮುಚ್ಚಿಹಾಕುತ್ತದೆ ಎಂಬುದನ್ನು ಎದುರು ನಿಂತು ಕೇಳಿದವನೇ ಹಾಗೆ ಬರೆಯಲು ಸಾಧ್ಯ. ಕೋಣೆಯಲ್ಲಿ ಕುಳಿತೇ ಇದ್ದಿದ್ದರೆ ಆ ಐದೂ ಹುಟ್ಟುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ಹಾಗಾಗಿ ಒಪ್ಪಿಕೋ, ಆದರೆ ಒಂದು ವರ್ಷಕ್ಕೆ ಮಾತ್ರ. ಅಭ್ಯಾಸವೆಲ್ಲ ಸಂಜೆಗಿರಲಿ, ಬೆಳಗಿನ ಹೊತ್ತನ್ನು ಪ್ರಿನ್ಸಿಪಾಲರು ಕೇಳಿದರೂ ಕೊಡಬೇಡ. ನಿನ್ನದೊಂದು ರಚನೆಯನ್ನು ಅವರಿಂದ ನುಡಿಸಬೇಕೆಂಬ ಷರತ್ತನ್ನು ಈಗಲೇ ಹಾಕು, ಆಮೇಲೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕಛೇರಿಯ ದಿನಾಂಕ ಬೇಗ ತಿಳಿಸು. ಕಾಫಿ ಕೊಯ್ಲಿನ ಸಮಯಕ್ಕೆ ಬಂದರೆ ಅಪ್ಪ ಕಣ ಬಿಟ್ಟು ಕದಲುವುದಿಲ್ಲ, ನಾನೊಬ್ಬಳೇ ಬಸ್ ಹತ್ತಿ ಬರುತ್ತೇನೆ.

ನಿನ್ನ
ಅಮ್ಮ